ಬಸವ ಎಂಬ ಹೆಸರಿನ ಕುರಿತು

ಅಕ್ಕನ ಎಡಗಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಔಷಧದ ಹನಿ ಬಿಡಬೇಕೆಂದರೆ ಶ್ರೀಶೈಲ ಅವಳ ಮುಖಕ್ಕೆ ತೀರ ಹತ್ತಿರ ಬಗ್ಗಬೇಕಾಗುತ್ತಿತ್ತು. ಪೊರೆ ತೆಗೆಸಿ ಇನ್ನೂ ವಾರವಾಗಿರಲಿಲ್ಲ. ಹೆಂಡತಿ ಭುವನೇಶ್ವರಿ ಹನಿ ಹಾಕಲು ಬಂದರೆ ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿಬಿಡುತ್ತಿದ್ದಳು. ಇವನ ಕೈಗಾದರೆ ಬಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಎಲೆ ಅಡಿಕೆಯ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ಹಣೆಯ ಮೇಲೆ ದೊಡ್ಡ ಕುಂಕುಮ, ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ. ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಅದೆಷ್ಟು ವರ್ಷವಾಗಿತ್ತೋ. ಗೋರೆಗಾಂವ್‌ನ ಈ ಎರಡು ಕೋಣೆಗಳ ಮನೆಯಲ್ಲಿ ಯಾರೂ ಯಾರಿಂದಲೂ ದೂರವಿರಲು ಆಗುವುದಿಲ್ಲ, ಆದರೂ ಅವಳು ಬಂದಾಗಿನಿಂದ ಅವನು ಹೇಗೋ ದೂರ ಉಳಿದುಕೊಂಡಿದ್ದ. ದಿನಕ್ಕೆ ನಾಲ್ಕು ಸಲ ಈ ಹನಿ ಮಾತ್ರ ಅವನನ್ನು ಬಗ್ಗಿಸುತ್ತಿತ್ತು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡೇ ಅವಳು ಕೇಳಿದಳು: ‘ಇವತ್ತ ಅದೇನ ಮಾತಾಡಾಕ ಹೊಂಟೀಯಪ್ಪಾ?’

‘ಬಸವಣ್ಣನವರ ಬಗ್ಗೆ. ಅಂದ್ರ, ಬಸವ ಅನ್ನೋ ಹೆಸರಿನ ಬಗ್ಗೆ. ಅದು ಎಲ್ಲಿಂದ ಬಂತು, ಅದರಿಂದ ಬ್ಯಾರೆ ಏನೇನು ಮಾತು ಹುಟ್ಟಿದವು ಅಂತ.’

‘ಹೆಸರಿನ ಮ್ಯಾಲ ಅಷ್ಟು ಮಾತಾಡೋದೈತೇನು?’ ಅವಳು ನಕ್ಕಳು. ‘ನಾನೂ ಬರ್ತೀನಿ. ಬಸವಣ್ಣನ ಹಬ್ಬ. ಮನ್ಯಾಗ ಕುಂತು ಕುಂತು ಸಾಕಾಗೈತಿ.’

ಒಳಗಿನಿಂದ ಭುವನೇಶ್ವರಿ, ‘ಹೌದ್ರೀ ಅಕ್ಕಾರ, ಬರ್ರಿ. ಘಾಟ್ಕೋಪರ್ ಏನ್ ದೂರ ಅಲ್ಲ, ಮೆಟ್ರೋದಾಗ ಎ.ಸಿ. ಇರ್ತದ, ನಿಮಗ ತ್ರಾಸ್ ಆಗಂಗಿಲ್ಲ’ ಎಂದಳು. ಅವನು ಬಾಟಲಿಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ. ಬಿಸಿಲು, ಧೂಳು, ಆಪರೇಷನ್ನು ಎಂದು ಬಾಯಿಗೆ ಬಂದ ನೆಪಗಳನ್ನೆಲ್ಲ ಹೇಳಿ ನೋಡಿದ. ಕಪ್ಪು ಕನ್ನಡಕ ಇದೆಯಲ್ಲ ಎಂದರು ಇಬ್ಬರೂ.

ಅಕ್ಕ ಎಂದು ಅವನು ಕರೆಯುವ ಈ ಹುಲಿಗೆಮ್ಮ ಅವನನ್ನು ಹೆತ್ತ ತಾಯಿ. ಊರಿನಲ್ಲಿ ಇದು ಎಲ್ಲರಿಗೂ ಗೊತ್ತು, ಮುಂಬಯಿಯಲ್ಲಿ ಅವನೊಬ್ಬನಿಗೆ ಮಾತ್ರ. ಗಂಡುಮಕ್ಕಳಿಲ್ಲದ ಮರೆಪ್ಪ ತನ್ನ ಹಿರಿಮಗಳನ್ನು ಬಸವಿ ಬಿಟ್ಟಿದ್ದ. ಗುಡಿಯಲ್ಲಿ ಮಣಿಸರ ಕಟ್ಟಿಸಿ ಮನೆಗೆ ಕರೆತಂದ ದಿನದಿಂದ ಅವಳು ಆ ಮನೆಯ ಗಂಡುಮಗ. ಅವಳಿಗೆ ಮದುವೆಯಿಲ್ಲ, ತವರು ಬಿಟ್ಟು ಹೋಗುವಂತಿಲ್ಲ, ಹುಟ್ಟಿದ ಮಕ್ಕಳು ಅವಳಪ್ಪನ ಹೆಸರಿಗೆ ಸೇರಿದವರು. ಅಪ್ಪ ಸತ್ತಾಗ ಗುಣಿಗೆ ಮೊದಲ ಹಿಡಿ ಮಣ್ಣು ಹಾಕಿದವಳೂ ಅವಳೇ. ಹುಟ್ಟಿಸಿದವನು ಯಾರೆಂದು ಶ್ರೀಶೈಲ ಕೇಳಿಲ್ಲ, ಅವಳು ಹೇಳಿಲ್ಲ. ಆಮೇಲೆ ಸರಕಾರ ಕಾನೂನು ಮಾಡಿ ಆ ಪದ್ಧತಿಯನ್ನು ನಿಲ್ಲಿಸಿತು. ಆದರೆ ಅಷ್ಟರೊಳಗೆ ಬಿಟ್ಟವರನ್ನು ಯಾವ ಕಾನೂನು ತಾನೇ ಹಿಂದಕ್ಕೆ ಕರೆದೀತು? ಮನೆಯಲ್ಲಿ ಚಿಕ್ಕಮ್ಮಂದಿರು ಅವಳನ್ನು ಅಕ್ಕ ಎನ್ನುತ್ತಿದ್ದರು, ಅವನೂ ಅಕ್ಕ ಎಂದ. ಅಜ್ಜಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು, ಅವನೂ ಅವ್ವ ಎಂದ. ಮಾತು ಕಲಿಯುವ ಕೂಸು ಹೀಗೆ ಕರೆದದ್ದನ್ನು ಯಾರೂ ತಿದ್ದಲಿಲ್ಲ. ತಿದ್ದಬೇಕಾದವಳು ಹೊಲದಲ್ಲಿ ಎತ್ತು ಹೂಡಿಕೊಂಡು ಕುಂಟೆ ಹೊಡೆಯುತ್ತಿದ್ದಳು. ಮುಂದೆ ಮುಂಬಯಿಗೆ ಬಂದು ಕನ್ನಡ ಶಾಲೆಯ ಮಾಸ್ತರನಾದಾಗ ಈ ಊರಿನ ರೂಢಿಯಂತೆ ಹೆಸರಿನ ನಡುವೆ ತಂದೆಯ ಹೆಸರು ಬಂದು ಕೂತಿತು, ಶ್ರೀಶೈಲ ಮರೆಪ್ಪ ಎಂದು. ಮರೆಪ್ಪ ತಂದೆಯಾದ ಮೇಲೆ ಮರೆಪ್ಪನ ಮಗಳು ಅಕ್ಕನಾಗದೆ ಇನ್ನೇನಾದಾಳು. ಅವನು ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು.

ಮದುವೆಯಲ್ಲೂ ಸುಮ್ಮನೇ ಇದ್ದ. ಭುವನೇಶ್ವರಿಯ ಅಪ್ಪ, ‘ತಂದಿ ತಾಯಿ?’ ಎಂದು ಕೇಳಿದಾಗ, ‘ಇಲ್ಲ, ಅಕ್ಕ ಒಬ್ಬಾಕೆ ಇದ್ದಾಳ’ ಎಂದಿದ್ದ. ಹೆತ್ತವಳು ವರನ ಅಕ್ಕನಾಗಿ, ಕಳಸಗಿತ್ತಿಯಾಗಿ, ತಟ್ಟೆಯಲ್ಲಿ ದೀಪ ಹಿಡಿದು ಮಂಟಪದಲ್ಲಿ ಅವನ ಬೆನ್ನ ಹಿಂದೆ ನಿಂತಿದ್ದಳು. ಬಸವಿಗೆ ಮುಂಡೆತನವಿಲ್ಲ, ಅವಳು ಎಂದಿಗೂ ಮುತ್ತೈದೆ, ಹಾಗಾಗಿ ಶಾಸ್ತ್ರಕ್ಕೂ ಊನವಾಗಲಿಲ್ಲ. ಬೀಗರ ಹೆಂಗಸರು ಅವಳ ಗಂಡನನ್ನು ವಿಚಾರಿಸಿದಾಗ, ‘ಊರಾಗ ಅದಾನ, ಹೊಲ ಬಿಟ್ಟು ಬರಾಂಗಿಲ್ಲ’ ಎಂದಿದ್ದಳಂತೆ. ಆ ಮಾತನ್ನು ಭುವನೇಶ್ವರಿಯೇ ಎಷ್ಟೋ ದಿನದ ಮೇಲೆ ನಗುತ್ತ ಹೇಳಿದ್ದಳು: ಎಂಥಾ ಮನುಷ್ಯಾರೀ ನಿಮ್ಮ ಭಾವ, ಹೆಂಡತಿ ತಮ್ಮನ ಮದುವಿಗೂ ಬರಲಿಲ್ಲ. ಅವನು ಕೋಲೆಬಸವನ ಹಾಗೆ ತಲೆ ಆಡಿಸಿದ್ದ. ತಾನು ಹೇಳಿಕೊಡದ ಸುಳ್ಳನ್ನು ಅಕ್ಕ ಎಲ್ಲಿಂದ ಕಲಿತಳು ಎಂದು ಯೋಚಿಸಿ ಆ ರಾತ್ರಿ ನಾಚಿಕೆಪಟ್ಟ. ಮರುದಿನ ಶಾಲೆಗೆ ಹೋದ. ನಾಚಿಕೆಯೂ ಅಷ್ಟೇ, ಹೊಸ ಚಪ್ಪಲಿಯ ಹಾಗೆ, ನಾಲ್ಕು ದಿನ ಕಚ್ಚುತ್ತದೆ.

ಮೆಟ್ರೋದಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ಕಪ್ಪು ಕನ್ನಡಕದಿಂದ ಕೆಳಗಿನ ತಗಡಿನ ಪತ್ರಾ ಹೊದಿಸಿದ ಮನೆಗಳನ್ನು ನೋಡುತ್ತಿದ್ದಳು. ಅವನು ನಿಂತುಕೊಂಡು ಭಾಷಣವನ್ನು ಮನಸ್ಸಿನಲ್ಲೇ ಓಡಿಸಿದ. ವೃಷಭ. ಪ್ರಾಕೃತದ ಬಾಯಲ್ಲಿ ಅದು ವಸಹ. ಕನ್ನಡದ ಬಾಯಿಗೆ ಬಂದು ಬಸಹ, ಬಸವ. ಗೂಳಿಯ ಹೆಸರು ಮನುಷ್ಯನಿಗೆ ಬಂತು, ಮನುಷ್ಯ ಅದನ್ನು ಎಷ್ಟು ಎತ್ತರಕ್ಕೆ ಒಯ್ದನೆಂದರೆ ಈಗ ಗೂಳಿಯೇ ಅವನಿಂದ ದೊಡ್ಡದಾಗಿದೆ. ಅಲ್ಲಿಂದ ಬಸಪ್ಪ, ಬಸಯ್ಯ, ಬಸವಂತ, ಬಸಲಿಂಗ. ಮಳೆಗಾಲದಲ್ಲಿ ಗೋಡೆ ಹತ್ತುವ, ಎರಡು ಕೊಂಬಿನ ಬಸವನಹುಳು. ಇಲ್ಲಿ ಜನ ನಗುತ್ತಾರೆ. ದೇವರ ಹೆಸರಿನಲ್ಲಿ ಊರಿಗೆ ಬಿಟ್ಟ ಬಸವ, ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವಂತಿಲ್ಲ, ಯಾರ ಕೊಟ್ಟಿಗೆಯೂ ಅದರದ್ದಲ್ಲ. ಆಮೇಲೆ ಹೆಣ್ಣು ರೂಪಗಳು: ಬಸಮ್ಮ, ಬಸವ್ವ. ಅಲ್ಲಿಗೆ ನಿಲ್ಲಿಸಬೇಕು. ಮುಂದಿನ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬರುತ್ತದೆ, ಅದೇ ಬೇರಿನದ್ದು, ಊರಿಗೆ ಬಿಟ್ಟ ಆ ಬಸವನಿಗೇ ಹತ್ತಿರದ್ದು. ವರ್ಷಗಟ್ಟಲೆ ಮಕ್ಕಳಿಗೆ ತತ್ಸಮ ತದ್ಭವ ಪಾಠ ಮಾಡಿದ ನಾಲಿಗೆ, ಬೇಡವೆಂದರೆ ಕೇಳುವುದಿಲ್ಲ. ಎರಡು ಸಲ ಒಳಗೊಳಗೇ ಹೇಳಿಕೊಂಡು ನೋಡಿದ, ಎರಡೂ ಸಲ ಬಸವ್ವ ಎಂದ ಕೂಡಲೇ ಆ ಮಾತು ಹಿಂದೆಯೇ ಬಂದು ನಿಂತಿತು. ಸಾಕಿನಾಕಾ ಸ್ಟೇಷನ್ನಿನಲ್ಲಿ ಹತ್ತಿದ ಗುಂಪು ಅವನನ್ನು ಅಕ್ಕನ ಮೊಣಕಾಲಿಗೆ ತಳ್ಳಿತು. ಅವಳು ಅವನ ಪ್ಯಾಂಟಿನ ಬಟ್ಟೆಯನ್ನು ಹಿಡಿದುಕೊಂಡಳು, ಬೀಳದಿರಲೆಂದು.

ಸಂಘದ ಸಭಾಗೃಹ ಎಂದರೆ ಘಾಟ್ಕೋಪರ್‌ನ ಒಂದು ಶಾಲೆಯ ನೆಲಮಹಡಿ. ವೇದಿಕೆಯ ಮೇಲೆ ಚೆಂಡುಹೂವಿನ ಮಾಲೆ ಹಾಕಿದ ಬಸವಣ್ಣನ ಪಟ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಸದ್ದು ಮಾಡುತ್ತಿದ್ದ ಫ್ಯಾನುಗಳು. ಸಂಘದ ಅಧ್ಯಕ್ಷ ಚನ್ನಬಸಯ್ಯನವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರು ಶ್ರೀಶೈಲನನ್ನು ‘ನಮ್ಮ ಮುಂಬಯಿ ಕನ್ನಡದ ಆಸ್ತಿ’ ಎಂದು ಪರಿಚಯಿಸಿ, ‘ಇವರ ಅಕ್ಕಾರೂ ಇವತ್ತ ಬಂದಾರ’ ಎಂದು ಎರಡನೇ ಸಾಲಿಗೆ ಕೈ ತೋರಿಸಿದರು. ಜನ ತಿರುಗಿ ನೋಡಿದರು. ಹುಲಿಗೆಮ್ಮ ಎದ್ದು ನಿಂತು ಎರಡೂ ಕೈ ಜೋಡಿಸಿ ಎಲ್ಲ ದಿಕ್ಕಿಗೂ ತಿರುಗಿದಳು. ಅವಳಿಗೆ ಸಂತೋಷವಾಗಿತ್ತು. ಅದನ್ನು ನೋಡಿ ಅವನಿಗೆ ಸಂಕಟವಾಯಿತು, ಸಂಕಟದ ಹಿಂದೆಯೇ, ಬೇಗ ಕೂತುಕೊಳ್ಳಬಾರದೇ ಎಂಬ ಸಿಟ್ಟೂ ಬಂತು.

ಮಾತು ಚೆನ್ನಾಗಿಯೇ ಹೋಯಿತು. ವಸಹ ಎಂದಾಗ ಮುಂದಿನ ಸಾಲಿನವರು ತಲೆದೂಗಿದರು. ಬಸವನಹುಳು ಎಂದಾಗ ನಕ್ಕರು. ಅವನು ಎರಡನೇ ಸಾಲನ್ನು ನೋಡದೆ ಮಾತಾಡಲು ಯತ್ನಿಸಿದ, ಆದರೆ ಕಪ್ಪು ಕನ್ನಡಕ ಹಾಕಿದವರು ಎಲ್ಲಿ ನೋಡುತ್ತಿದ್ದಾರೆಂದು ಗೊತ್ತಾಗುವುದಿಲ್ಲ, ಅದಕ್ಕೇ ಅವರ ಕಡೆಗೇ ಕಣ್ಣು ಹೋಗುತ್ತದೆ. ದೇವರಿಗೆ ಬಿಟ್ಟ ಬಸವನ ಮಾತು ಬಂದಾಗ ಅವಳು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದಳು. ಬಸಮ್ಮ, ಬಸವ್ವ, ಎಂದ. ಮೇಜಿನ ಮೇಲಿನ ನೀರು ಕುಡಿದ. ‘ಇಷ್ಟು ಹೇಳಿ ನನ್ನ ಮಾತು ಮುಗಿಸತೀನಿ’ ಎಂದ. ಚಪ್ಪಾಳೆ ಬಿದ್ದಾಗ ಬೆನ್ನಿನ ಬೆವರು ತಣ್ಣಗಾಯಿತು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಎದ್ದ. ಬಿಳಿ ಅಂಗಿ, ಸಿಮೆಂಟಿಗೆ ಸುಟ್ಟ ಕೈಗಳು. ಸ್ಲ್ಯಾಬಿನ ಸೆಂಟ್ರಿಂಗ್ ಕೆಲಸ ಹಿಡಿಯುವ ಕಾಶಪ್ಪ, ಸಿಂಧನೂರಿನ ಕಡೆಯವನು. ಸಂಘದ ಪ್ರತಿ ಕಾರ್ಯಕ್ರಮಕ್ಕೂ ತನ್ನ ಆಳುಗಳನ್ನು ಕಳಿಸಿ ಪೆಂಡಾಲು ಹಾಕಿಸುವವನಾದ್ದರಿಂದ ಅವನನ್ನು ಕೂರಿಸುವ ಹಾಗಿರಲಿಲ್ಲ. ‘ಮಾಸ್ತರ್ರ, ಭಾಳ ಚಲೋ ಹೇಳಿದ್ರಿ. ಒಂದು ಉಳೀತಲ್ರೀ. ನಮ್ಮ ಕಡೆ ಮದ್ಲ ಹೆಣ್ಣುಮಕ್ಕಳನ್ನ ಬಸವಿ ಬಿಡ್ತಿದ್ರು. ಆ ಮಾತೂ ಇದರಿಂದ ಬಂದದ್ದೇನ್ರಿ?’

ಹೆಂಗಸರ ಸಾಲುಗಳಲ್ಲಿ ಗುಜುಗುಜು ಎದ್ದಿತು. ಯಾರೋ ಕಿಸಕ್ಕೆಂದರು. ಚನ್ನಬಸಯ್ಯನವರು ಮೈಕಿನ ಕಡೆಗೆ ಬಗ್ಗಿ, ‘ಕಾಶಪ್ಪಾ, ಇಂಥಾ ಪವಿತ್ರ ದಿವಸ ಆ ಹೊಲಸು ಸುದ್ದಿ ಯಾಕ’ ಎಂದರು. ಕಾಶಪ್ಪ, ‘ಹೊಲಸಂತಲ್ರೀ, ತಿಳಕೊಳ್ಳಾಕ ಕೇಳಿದೆ’ ಎಂದು ನಿಂತೇ ಇದ್ದ. ಎಲ್ಲರೂ ಶ್ರೀಶೈಲನನ್ನು ನೋಡಿದರು. ಹೌದು ಎಂದರೆ ಸಾಕಿತ್ತು. ಹೌದು, ಅದೇ ಬೇರು, ಅಪ್ಪನ ವಂಶ ನಿಲ್ಲಲೆಂದು ತನ್ನ ಬದುಕನ್ನು ಕೊಟ್ಟ ಹೆಣ್ಣುಮಗಳ ಹೆಸರು ಅದು, ಎಂದು ಬಿಡುವುದಕ್ಕೆ ಮಾಸ್ತರನಾದವನು ಯಾರಿಗೂ ಹೆದರಬೇಕಾಗಿರಲಿಲ್ಲ. ಹಾಗೆಂದ ಮಾತ್ರಕ್ಕೆ ಯಾರೂ ಅವನ ಮನೆಯ ಬಾಗಿಲು ಬಡಿಯುತ್ತಿರಲಿಲ್ಲ. ಬಾಯಿ ತೆರೆದ. ತನ್ನದೇ ದನಿ ತನಗೆ ಪಾಠ ಒಪ್ಪಿಸುವ ಹುಡುಗನ ದನಿಯಂತೆ ಕೇಳಿಸಿತು: ‘ಇಲ್ಲ. ಅದು ಬ್ಯಾರೆ ಮಾತು. ಅದಕ್ಕೂ ಈ ಹೆಸರಿಗೂ ಏನೂ ಸಂಬಂಧ ಇಲ್ಲ. ಕೆಟ್ಟ ಪದ್ಧತಿಗೆ ಯಾರೋ ಈ ದೊಡ್ಡ ಹೆಸರು ಅಂಟಿಸ್ಯಾರ, ಅಷ್ಟೇ. ಅಂಥಾ ಮಾತು ಅಳಿಸಿ ಹೋದಷ್ಟೂ ಚಲೋ.’

ಈ ಸಲದ ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಚನ್ನಬಸಯ್ಯನವರು ಅವನ ಬೆನ್ನು ತಟ್ಟಿದರು. ಎರಡನೇ ಸಾಲಿನಲ್ಲಿ ಹುಲಿಗೆಮ್ಮ, ಎಲ್ಲರೂ ಬಡಿಯುತ್ತಿದ್ದಾರೆಂದು, ತಾನೂ ಚಪ್ಪಾಳೆ ಬಡಿದಳು.

ಊಟಕ್ಕೆ ಹೋಳಿಗೆ, ಎಣ್ಣೆಗಾಯಿ, ಮಾವಿನ ಸೀಕರಣೆ. ಅವನು ತಟ್ಟೆ ಹಿಡಿದುಕೊಂಡು ಅಲ್ಲಿ ಇಲ್ಲಿ ನಿಂತು, ಮಾತು ಮೆಚ್ಚಿದವರಿಗೆ ನಗೆ ಕೊಡುತ್ತ, ಅಕ್ಕನಿದ್ದ ಮೂಲೆಗೆ ಬೆನ್ನು ಹಾಕಿಕೊಂಡಿದ್ದ. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ ಎಂದುಕೊಂಡ. ಮೈಕು ಗೊರಗೊರ ಎನ್ನುತ್ತಿತ್ತು, ಫ್ಯಾನಿನ ಸದ್ದು ಬೇರೆ. ಅರ್ಥವಾದರೂ ಅವಳು ಅಂಥದ್ದನ್ನೆಲ್ಲ ಎಷ್ಟು ಕೇಳಿಲ್ಲ, ಸಂತೆಯಲ್ಲಿ, ಬಸ್ಸಿನಲ್ಲಿ, ತಹಶೀಲ್ದಾರರ ಕಚೇರಿಯ ಕಟ್ಟೆಯ ಮೇಲೆ. ಅವನು ಆರನೆಯ ಇಯತ್ತೆಯಲ್ಲಿದ್ದಾಗ ಒಬ್ಬ ಹುಡುಗ ಆ ಮಾತನ್ನು ಬೈಗುಳದಂತೆ ಅಂದಿದ್ದ. ಅವನು ಅಳುತ್ತ ಹೊಲಕ್ಕೆ ಓಡಿಬಂದು ಅವಳಿಗೆ ಹೇಳಿದ್ದ. ಅವಳು ಎತ್ತಿನ ಹಗ್ಗ ಬಿಡದೆಯೇ, ‘ಇದ್ದದ್ದ ಅಂದಾನ, ಅದಕ್ಯಾಕ ಅಳ್ತಿ’ ಎಂದಿದ್ದಳು. ಆಗಲೂ ಅವನಿಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು. ಬೈದವನನ್ನು ಹೊಡೆಯಲು ಹೋಗಬಾರದಿತ್ತೇ, ಬೇರೆ ಹುಡುಗರ ಅವ್ವಂದಿರ ಹಾಗೆ. ಸೀಕರಣೆ ತಟ್ಟೆಯ ಅಂಚಿಗೆ ಹರಿದು ಅವನ ಬೆರಳಿಗೆ ಹತ್ತಿತು. ಕೈ ತೊಳೆಯಲೆಂದು ತಿರುಗಿದರೆ ಕಾಶಪ್ಪ ಅವಳ ಪಕ್ಕದ ಕುರ್ಚಿಗೆ ಬಂದು ಕೂರುತ್ತಿದ್ದ.

ಶ್ರೀಶೈಲನ ಕಾಲುಗಳು ತಾವಾಗಿಯೇ ಅತ್ತ ನಡೆದವು. ಭುವನೇಶ್ವರಿಯೂ ಅಲ್ಲಿಯೇ ಇದ್ದಳು, ಅಕ್ಕನ ತಟ್ಟೆಯಲ್ಲಿ ಹೋಳಿಗೆ ಮುರಿದು ಹಾಕುತ್ತ. ‘ಯಾವೂರವ್ವ ನಿಂದು?’ ಎಂದು ಕಾಶಪ್ಪ ಕೇಳಿದ. ‘ಮಾನ್ವಿ ಕಡಿ’ ಎಂದಳು. ‘ನಮ್ಮ ಕಡೆಯಾಕಿ ಅನ್ನು ಹಂಗಾದ್ರ!’ ಅವನ ಕಣ್ಣು ಅವಳ ಹಣೆಯಿಂದ ಕೊರಳಿಗೆ ಇಳಿಯಿತು, ಮಣಿಸರದ ಮೇಲೆ ನಿಂತಿತು, ಅಲ್ಲಿಂದ ಏಳಲಿಲ್ಲ. ಆ ಸರ ಏನೆಂದು, ತಾಯಿ ಮಗನನ್ನು ಬಿಟ್ಟರೆ, ಆ ಸಭೆಯಲ್ಲಿ ಬಲ್ಲವನು ಅವನೊಬ್ಬನೇ. ಮೆಲ್ಲಗೆ ಕೇಳಿದ: ‘ಮಾಸ್ತರ್ರು ನಿನಗ ಏನಾಗಬೇಕವ್ವ?’

‘ತಮ್ಮ’ ಎಂದಳು ಹುಲಿಗೆಮ್ಮ. ತುತ್ತು ನುಂಗಿ, ಯಾರೂ ಕೇಳದಿದ್ದರೂ ಮುಂದುವರಿಸಿದಳು: ‘ನಮ್ಮವ್ವ ಇವನ್ನ ಹಡದು ವಾರ ತುಂಬಲಿಲ್ಲಪ್ಪ, ಸತ್ತು ಹ್ವಾದ್ಲು. ಭಾಳ ಒಳ್ಳೇಕಿ. ಗಂಡಸರಂಗ ದುಡೀತಿದ್ಲು. ಇವನ್ನ ಮಾರಿ ನೋಡಿ ನೋಡಿ ನಕ್ಕೋತ ಹ್ವಾದ್ಲು. ಆಕಿ ಇರಬೇಕಿತ್ತು ಇವತ್ತ. ಮಗ ಇಷ್ಟು ಮಂದ್ಯಾಗ ನಿಂತು ಮಾತಾಡೋದು ಕೇಳಬೇಕಿತ್ತು.’

ಭುವನೇಶ್ವರಿಯ ಕಣ್ಣು ತುಂಬಿತು. ‘ಹೌದೇನ್ರೀ? ಅತ್ತಿ ಹಂಗ ತೀರಿಕೊಂಡಿದ್ದು ನೀವು ನಂಗ ಒಂದು ದಿನಾನೂ ಹೇಳಲಿಲ್ಲ’ ಎಂದು ಅವನ ಕಡೆ ನೋಡಿದಳು. ಅವನು ತೊಳೆಯದ ಕೈಯನ್ನು ಹಾಗೆಯೇ ಎತ್ತಿ ಹಿಡಿದು ನಿಂತಿದ್ದ. ಅಕ್ಕನ ದನಿ ನಡುಗಿರಲಿಲ್ಲ. ಅವಳು ಅವನಿಗೆ ಉಪಕಾರ ಮಾಡುತ್ತಿದ್ದಳು, ಊಟಕ್ಕೆ ಕೂತಲ್ಲಿಯೇ, ತನ್ನನ್ನು ತಾನೇ ಮಣ್ಣು ಮಾಡಿ. ಕಾಶಪ್ಪ ಶ್ರೀಶೈಲನ ಮುಖ ನೋಡದೆಯೇ ಎದ್ದು, ಬಗ್ಗಿ ಅವಳ ಕಾಲು ಮುಟ್ಟಿದ. ‘ಅಂಥಾ ತಾಯಿಗೆ ಶರಣವ್ವ’ ಎಂದು, ತಟ್ಟೆ ತೆಗೆದುಕೊಂಡು ಹೋದ. ವಯಸ್ಸಾದವಳಿಗೆ ನಮಸ್ಕಾರ ಮಾಡಿದನೆಂದು ಉಳಿದವರು ತಿಳಿದುಕೊಂಡರು.

ತಿರುಗಿ ಬರುವಾಗ ಮೆಟ್ರೋದಲ್ಲಿ ಭುವನೇಶ್ವರಿ ಅಕ್ಕನಿಗೆ ಒರಗಿಕೊಂಡು ಕೂತು, ಸತ್ತ ಅತ್ತೆಯ ಬಗ್ಗೆ ಒಂದೊಂದೇ ಕೇಳುತ್ತಿದ್ದಳು. ನೋಡಲು ಹೇಗಿದ್ದರು, ಬೆಳ್ಳಗಿದ್ದರೋ ಕಪ್ಪಗಿದ್ದರೋ. ಹುಲಿಗೆಮ್ಮ ಹೇಳುತ್ತಿದ್ದಳು. ಕಪ್ಪಗಿದ್ದಳು, ಎತ್ತರದ ಆಳು, ಸಜ್ಜಿ ರೊಟ್ಟಿ ಅಂದರೆ ಪ್ರಾಣ. ಎದುರಿಗೆ ಕಂಬಿ ಹಿಡಿದು ನಿಂತ ಶ್ರೀಶೈಲ ಒಂದೊಂದು ಮಾತಿಗೂ ಆ ಕಪ್ಪು, ಎತ್ತರದ, ಸಜ್ಜಿ ರೊಟ್ಟಿಯ ಹೆಂಗಸನ್ನು ನೋಡುತ್ತಿದ್ದ. ಅವಳು ಹೇಳುತ್ತ ಹೇಳುತ್ತ ಖುಷಿಯಾದಂತೆ ಕಂಡಳು. ತನ್ನ ಬಗ್ಗೆ ಹೇಳಿಕೊಳ್ಳುವುದಕ್ಕೆ ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ ಅವಳಿಗೆ ಯಾರೋ ಸಿಕ್ಕಿದ್ದರು, ಅದಕ್ಕೂ ಅವಳು ಸಾಯಬೇಕಾಯಿತು. ಸಾಕು, ಎಂದುಕೊಂಡ. ಮನೆಗೆ ಹೋದ ಕೂಡಲೇ ಭುವನೇಶ್ವರಿಗೆ ಹೇಳಿಬಿಡುತ್ತೇನೆ. ನಾಳೆ ಚನ್ನಬಸಯ್ಯನವರಿಗೂ ಫೋನು ಮಾಡಿ, ನಾನು ಹೇಳಿದ್ದು ತಪ್ಪು, ಅದೇ ಬೇರು, ಅದೇ ಮಾತು ಎನ್ನುತ್ತೇನೆ. ಆದರೆ ಅದಕ್ಕಿಂತ ಮೊದಲು ಅವಳನ್ನು ಕರೆಯಬೇಕು. ಬಾಯಿ ಬಿಟ್ಟು ಒಂದು ಸಲ ಕರೆದರೆ ಉಳಿದದ್ದೆಲ್ಲ ಸರಾಗವಾಗುತ್ತದೆ. ಮಾಸ್ತರನ ಬುದ್ಧಿ, ಒಂದು ಶಬ್ದ ಸರಿಯಾಗಿ ಉಚ್ಚರಿಸಿದರೆ ಪಾಠ ಮುಗಿಯಿತೆಂದು ನಂಬುವುದು.

ಅಂಧೇರಿಯಲ್ಲಿ ಇಳಿದು ಸೇತುವೆ ದಾಟಿ ಗೋರೆಗಾಂವ್‌ಗೆ ಲೋಕಲ್ ಹಿಡಿಯಲು ಪ್ಲಾಟ್‌ಫಾರ್ಮಿಗೆ ಬಂದರು. ಭಾನುವಾರವಾದರೂ ಜನ ಕಿಕ್ಕಿರಿದಿದ್ದರು. ಭುವನೇಶ್ವರಿ ನೀರಿನ ಬಾಟಲಿ ಕೊಳ್ಳಲು ಅಂಗಡಿಯ ಕಡೆ ಹೋದಳು. ಇವನು ಅವಳ ಕಡೆ ನೋಡಿ ಮತ್ತೆ ತಿರುಗುವಷ್ಟರಲ್ಲಿ ಹುಲಿಗೆಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹಳದಿ ಗೆರೆಯಾಚೆ ಹೋಗಿ, ಒಂದೇ ಕಣ್ಣಿನಲ್ಲಿ ಗಾಡಿ ಬರುವ ದಿಕ್ಕನ್ನು ಇಣುಕಿ ನೋಡುತ್ತಿದ್ದಳು. ದೂರದಲ್ಲಿ ಹಾರ್ನು ಕೇಳಿಸಿತು. ನಿಲ್ಲದ ಫಾಸ್ಟ್ ಗಾಡಿ ಈ ಹಳಿಯ ಮೇಲೆ ಬರುತ್ತದೆಂದು ಧ್ವನಿವರ್ಧಕ ಮರಾಠಿಯಲ್ಲಿ ಹೇಳುತ್ತಿತ್ತು. ಇಡೀ ದಾರಿಯುದ್ದಕ್ಕೂ ಅವನು ಬಾಯಲ್ಲಿಟ್ಟುಕೊಂಡು ಬಂದದ್ದು ತಾನೇ ಹೊರಬಿತ್ತು.

‘ಅವ್ವಾ!’

ನಾಲ್ಕು ಮಾರು ಆಚೆ, ತಲೆಯ ಮೇಲೆ ಗಂಟು ಹೊತ್ತ ಒಬ್ಬ ಹೆಂಗಸು ತಟ್ಟನೆ ಹಿಂದಿರುಗಿ ನೋಡಿದಳು; ಯಾವ ಊರಿನವಳೋ, ಯಾರ ತಾಯಿಯೋ. ಹುಲಿಗೆಮ್ಮ ತಿರುಗಲಿಲ್ಲ. ‘ಅವ್ವಾ, ಹಿಂದ ಬಾ! ಅವ್ವಾ!’ ಎಂದು ಅವನು ಜನರನ್ನು ನೂಕುತ್ತ ಮತ್ತೆ ಕೂಗಿದ. ಅವಳಿಗೆ ಕೇಳಿಸಿತ್ತು. ಯಾರೋ ತಮ್ಮ ತಾಯಿಯನ್ನು ಕರೆಯುತ್ತಿದ್ದಾರೆಂದು ತಿಳಿದು, ಆ ತಾಯಿ ಹೋಗಲು ಜಾಗವಾಗಲೆಂದು, ಅವಳು ಇನ್ನಷ್ಟು ಅಂಚಿಗೆ ಸರಿದು ನಿಂತಳು.

‘ಅಕ್ಕಾ!’

ಕೂಡಲೇ ತಿರುಗಿದಳು. ಎರಡು ಹೆಜ್ಜೆ ಇತ್ತ ಬಂದು ಅವನ ಕೈ ಹಿಡಿದುಕೊಂಡಳು. ಅವಳ ಬೆನ್ನ ಹಿಂದೆ ಗಾಡಿ ಸದ್ದು ಮಾಡುತ್ತ ಹಾದುಹೋಯಿತು, ಅವಳ ಸೆರಗು ಹಾರಿ ಅವನ ಮುಖಕ್ಕೆ ಬಡಿಯಿತು.

‘ಯಾಕಪ್ಪಾ, ಅಷ್ಟ್ಯಾಕ ಒದರ್ತಿ?’ ಎಂದಳು. ‘ನಾ ಇಲ್ಲೇ ಅದೀನಲ್ಲ.’